ಐದು ಸುತ್ತಿನ ವಾಯಿದೆ

ತಿರುಪ್ಪೂರು
11 ಜೂನ್ 2024

ಮಾವನಿಗೆ,

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ನಾನು ನಿಮಗೆ ಫೋನ್ ಮಾಡಿದರೆ ಅಮ್ಮ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅಜ್ಜಿ ಬಾಗಿಲಿಗೆ ಒರಗಿ ನಗುತ್ತಾಳೆ. ನಾನು ಕಾರ್ಬುರೇಟರ್ ಎಂದರೂ ಅವರ ಕಿವಿಗೆ ಅದು ಸರಸ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ಕಲಿಸಿದವರು ನೀವು. ಆದ್ದರಿಂದ ಈ ಕಾಗದವನ್ನು ಅಮ್ಮನ ಮಗ್ಗದ ಮೇಲೆ ಬಿಟ್ಟುಹೋದರೂ ಭಯವಿಲ್ಲ.

ಭಾನುವಾರ ಉಡುಮಲೈಪೇಟೆಯಲ್ಲಿ ಕ್ಲಬ್ಬಿನ ಬೈಕ್ ರೇಸಿನ ಮೊದಲ ಸುತ್ತು ಮುಗಿಯಿತು. ಮೂರನೆಯವಳಾಗಿ ಬಂದೆ. ಗಾಳಿ ಎಷ್ಟಿತ್ತೆಂದರೆ ನೇರ ದಾರಿಯಲ್ಲೂ ಬೈಕು ಓರೆಯಾಗಿಯೇ ಓಡಿತು. ನನ್ನ ನೂರು ಸಿಸಿ ಆ ಗಾಳಿಗೆ ಎದುರಾಗಿ ಹೊರಟಾಗ ಪಕ್ಕದಲ್ಲಿ ನಡೆದುಹೋಗುತ್ತಿದ್ದವರೇ ಮುಂದೆ ಹೋದರೇನೋ ಅನಿಸಿತು. ಗೆದ್ದವನು ಪೊಳ್ಳಾಚಿಯ ಹರಿಹರನ್. ಒಳ್ಳೆಯ ಸವಾರ, ಸೊಕ್ಕಿಲ್ಲ.

ಮನೆಗೆ ಬಂದಾಗ ಮೊಣಕೈ ತರಚಿತ್ತು. ಅಜ್ಜಿ ಅರಿಶಿನ ಹಚ್ಚುತ್ತಾ, "ಬೀಳು ಬೀಳು ಅಮ್ಮಿಣಿ, ಚೆನ್ನಾಗಿ ಬೀಳು. ಕೈ ಕಾಲು ಸೊಟ್ಟ ಆದ್ರೆ ಬೇರೆ ಮಾಪ್ಪಿಳ್ಳೆ ಬರಾಕಿಲ್ಲ. ನನ್ ಮಗ ಹೆಂಗಿದ್ರೂ ಕಟ್ಕೊತಾನೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಜಗಳವಾಗುತ್ತಿತ್ತು.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಮೇ ತಿಂಗಳಲ್ಲಿ ನಮ್ಮ ಜಗಲಿಯಲ್ಲಿ ಆದ ಮಾತಿಗೆ ನೀವೂ ಸಾಕ್ಷಿ. ಈ ವರ್ಷದ ಐದು ಸುತ್ತು ಇವಳು ಓಡಿಸಲಿ. ಒಟ್ಟು ಅಂಕದಲ್ಲಿ ಮೊದಲಾದರೆ ಕ್ಲಬ್ಬಿನವರು ಚೆನ್ನೈಯ ತಂಡವೊಂದಕ್ಕೆ ತರಬೇತಿಗೆ ಕಳಿಸುತ್ತಾರೆ, ಹೋಗಲಿ, ಮದುವೆಯ ಮಾತು ಯಾರೂ ಎತ್ತುವುದಿಲ್ಲ. ಆಗದಿದ್ದರೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಸೋದರಮಾವನ ಕೈ ಹಿಡಿಯಬೇಕು. ಅಕ್ಕನ ಮಗಳ ಮೇಲೆ ನಿಮಗೆ ಹಕ್ಕಿದೆ ಎಂದು ಅಜ್ಜಿ ಹೇಳಿದಾಗ ನೀವು ನೆಲ ನೋಡುತ್ತಿದ್ದಿರಿ. ಹೌದು ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ.

ನನ್ನ ಎಂಜಿನ್ ಕಟ್ಟುವವರು ನೀವು. ನಾನು ಸೋತರೆ ಗೆಲ್ಲುವವರೂ ನೀವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಇನ್ನೂ ಕಟ್ಟಿಕೊಡುತ್ತೀರಾ?

ಉತ್ತರಕ್ಕೆ ಕಾಯುವ,
ಧರಣಿ


ಸಿಂಗಾನಲ್ಲೂರು
20 ಜೂನ್ 2024

ಅಮ್ಮಿಣಿ,

ನೀನು ಬೈಕಿನಲ್ಲಿ ಒಂದು ಗಂಟೆಯಲ್ಲಿ ಮುಟ್ಟುವ ದೂರಕ್ಕೆ ನಿನ್ನ ಕಾಗದ ವಾರ ತೆಗೆದುಕೊಂಡಿತು. ಇದರ ಬಗ್ಗೆಯೂ ಪತ್ರಿಕೆಗೆ ಬರೆಯಬೇಕು. ಸಂಪಾದಕರು ಈಗ ನನ್ನ ಹೆಸರು ನೋಡಿದರೆ ಲಕೋಟೆ ಒಡೆಯುವುದಿಲ್ಲವೇನೋ. ನಮ್ಮ ಕೆರೆಯ ನೊರೆಯ ಬಗ್ಗೆ ಬರೆದದ್ದು ಬರಲಿಲ್ಲ. ಬಣ್ಣದ ಕಾರ್ಖಾನೆಗಳ ನೀರು ಬೀಳುವ ನೊಯ್ಯಲ್ ನದಿಯ ಬಣ್ಣ ನೋಡಿ ಆ ವರ್ಷ ಯುರೋಪಿನವರು ಯಾವ ಬಣ್ಣದ ಬನಿಯನ್ ತೊಡುತ್ತಾರೆಂದು ಹೇಳಬಹುದಾಗಿದ್ದ ಕಾಲ ನನಗೆ ನೆನಪಿದೆ. ಅದನ್ನು ಬರೆದೆ, ಅದೂ ಬರಲಿಲ್ಲ. ಜನರಿಗೆ ಮರೆವು ಒಂದು ಸುಖ. ನನಗೆ ಆ ಸುಖ ಸಿಕ್ಕಿಲ್ಲ.

2006ರಲ್ಲಿ ನಾನು ಓಡಿಸಿದ ಒಂದೇ ಒಂದು ರೇಸನ್ನು ನೀನು ನೋಡಿಲ್ಲ, ನಿನಗಾಗ ಆರು ವರ್ಷ. ಒಬ್ಬ ಮಿಲ್ಲಿನ ಮಾಲೀಕರ ಮಗ ಒಳಗೆ ಕೊರೆದು ದೊಡ್ಡದು ಮಾಡಿದ ಎಂಜಿನ್ ತಂದಿದ್ದ. ಅದರ ಸದ್ದಿನಲ್ಲೇ ಮೋಸ ಕೇಳುತ್ತಿತ್ತು. ನಾನು ದೂರು ಕೊಟ್ಟೆ. ತಪಾಸಣೆಯವರು ಎಂಜಿನ್ ಬಿಚ್ಚಲೇ ಇಲ್ಲ, ಅವನ ಅಪ್ಪನ ಜೊತೆ ಎಳನೀರು ಕುಡಿದರು. "ತಂಬಿ, ನೀ ಮಗ್ಗಕ್ಕೆ ಹೋಗಿ ದಾರ ಎಳಿ" ಎಂದರು. ಅವರ ಮೂವರ ಮುಖಗಳನ್ನೂ ನಾನು ಇಂದಿಗೂ ಬಿಡಿಸಿ ತೋರಿಸಬಲ್ಲೆ. ನಿಯಮ ಎಂಬುದು ಬಡವನ ಏಕೈಕ ಆಸ್ತಿ ಎಂದು ಅವತ್ತು ಕಲಿತೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಮೊದಲು ನಿನ್ನ ಮಾವ. ಮಿಕ್ಕಿದ್ದೆಲ್ಲ ಮುದುಕಿಯರ ಮಾತು. ಎಂಜಿನ್ ನಾನೇ ಕಟ್ಟುತ್ತೇನೆ, ನೀನು ಗೆದ್ದ ದಿನ ಮೊದಲು ಕೈ ತಟ್ಟುವವನೂ ನಾನೇ. ಬೈಕು ಬಿಟ್ಟು ಹೋಗು, ಗಾಳಿ ಬೆಂಕಿ ಎರಡನ್ನೂ ಸರಿಮಾಡಿ ಇಡುತ್ತೇನೆ.

ನಿನ್ನ ಒಳಿತನ್ನಷ್ಟೇ ಬಯಸುವ,
ದೀನದಯಾಳನ್


ತಿರುಪ್ಪೂರು
6 ಆಗಸ್ಟ್ 2024

ಮಾವ,

ಗೆದ್ದೆ! ಕಾಂಗೇಯಂ!

ನಿಧಾನವಾಗಿ ಬರೆಯುತ್ತೇನೆ. ನೀವು ಬರುತ್ತೀರೆಂದು ಕಾದೆ, ಬರಲಿಲ್ಲ. ಎತ್ತಿನ ಗಾಡಿಯ ಓಟ ನಡೆಸುವ ಮೈದಾನವನ್ನೇ ಕ್ಲಬ್ಬಿನವರು ಕೇಳಿ ಪಡೆದಿದ್ದರು. ಮೈಕು ಹಿಡಿದವರೂ ಆ ಗಾಡಿ ಓಟದ ಕರುಪ್ಪುಸಾಮಿ ಅಣ್ಣನೇ. ಅವರಿಗೆ ಬೈಕಿನ ಹೆಸರು ಯಾವುದೂ ಬಾಯಿಗೆ ಬರದು. ಎತ್ತುಗಳಿಗೆ ಬಣ್ಣದ ಮೇಲೆ ಹೆಸರಿಡುವ ಹಾಗೆ ನಮಗೂ ಇಟ್ಟರು. ಹರಿಹರನ್‌ನ ಕಪ್ಪು ಬೈಕು ಕಾರಿ, ನನ್ನ ಕೆಂಪು ಬೈಕು ಸೆವಲೈ. ಕೊನೆಯ ತಿರುವಿನಲ್ಲಿ ನಾನು ಒಳಗಿನಿಂದ ನುಗ್ಗಿದಾಗ, "ಸೆವಲೈ ವರುದು ಪಾರು, ಬಂತು ನೋಡು ಸೆವಲೈ! ಕಾರಿಗೆ ಹುಲ್ಲು ಹಾಕಿರಪ್ಪಾ!" ಎಂದು ಕೂಗಿದರು. ಅಲ್ಲಿ ಕೂತಿದ್ದ ರೈತರು ಎದ್ದು ನಿಂತು ಟವಲು ಬೀಸಿದರು. ಹೆಲ್ಮೆಟ್ ತೆಗೆದ ಮೇಲೆ ಒಬ್ಬ ಅಜ್ಜ ಹತ್ತಿರ ಬಂದು, "ಹಸುವಾ! ನಾನು ಎತ್ತು ಅಂದ್ಕೊಂಡೆ" ಎಂದ. ಬೈಗಳೋ ಹೊಗಳಿಕೆಯೋ ನೀವೇ ಹೇಳಿ.

ಒಂದು ವಿಷಯ ಕೇಳಬೇಕು. ಶನಿವಾರ ಸಂಜೆ ಎಂಜಿನ್ ಪರೀಕ್ಷಿಸುವಾಗ ಸಿಲಿಂಡರಿನ ಬುಡದಲ್ಲಿ ಸೋರಿಕೆ ಕಂಡಿತು. ಸಂದಿನಿಂದ ಎಣ್ಣೆ ಸೋರದಂತೆ ತಡೆಯುವ ಕಾಗದದ ಗ್ಯಾಸ್ಕೆಟ್ ಹರಿದಿತ್ತು. ಆ ಹಳೆಯ ಮಾಡೆಲ್ಲಿಗೆ ತಿರುಪ್ಪೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆಗ ನಮ್ಮ ತಾತ ನೀರೆತ್ತುವ ಎಂಜಿನ್ನಿಗೆ ಮಾಡುತ್ತಿದ್ದುದು ನೆನಪಾಯಿತು. ಅಮ್ಮನ ಮಗ್ಗದಿಂದ ರೇಷ್ಮೆಯ ಹಳದಿ ಪಟ್ಟುನೂಲು ಕಿತ್ತುಕೊಂಡೆ, ಅರಗಿನ ವಾರ್ನಿಷ್ಷಿನಲ್ಲಿ ಅದ್ದಿ, ಬುಡದ ಸುತ್ತ ಒಂದು ಸುತ್ತು ಕೂರಿಸಿ ಬಿಗಿದೆ. ಒಂದು ಹನಿ ಸೋರಲಿಲ್ಲ. ಅಷ್ಟೇ ಅಲ್ಲ, ಕಾಗದದ ದಪ್ಪ ಹೋದದ್ದರಿಂದ ಸಿಲಿಂಡರ್ ಸ್ವಲ್ಪ ಕೆಳಗೆ ಕೂತು ಎಂಜಿನ್ ಹೊಸ ಬಿಗಿಯಲ್ಲಿ ಎಳೆಯಿತು.

ನಮ್ಮದು ಸ್ಟಾಂಡರ್ಡ್ ವರ್ಗ, ಕಂಪನಿಯ ಬಿಡಿಭಾಗವೇ ಇರಬೇಕು. ನಿಯಮದ ಪುಸ್ತಕದಲ್ಲಿ ಅಂಟು ಬಳಸಬಹುದು ಎಂದಿದೆ. ನೂಲು ಅಂಟೋ ಬಿಡಿಭಾಗವೋ ನನಗೆ ತಿಳಿಯಲಿಲ್ಲ. ಮುಂದಿನ ಸುತ್ತಿಗೂ ಹೀಗೇ ಬಿಡಬಹುದಾ, ತಪ್ಪಾ? ನಿಯಮ ನಿಮಗಿಂತ ಚೆನ್ನಾಗಿ ಬಲ್ಲವರು ನನಗೆ ಯಾರೂ ಗೊತ್ತಿಲ್ಲ. ನೀವು ತಪ್ಪು ಎಂದರೆ ಇವತ್ತೇ ಬಿಚ್ಚುತ್ತೇನೆ, ಕೊಯಮತ್ತೂರಿನಲ್ಲಿ ಹುಡುಕಿ ಕಾಗದದ್ದೇ ಹಾಕುತ್ತೇನೆ.

ನಿಮ್ಮ,
ಸೆವಲೈ


ಸಿಂಗಾನಲ್ಲೂರು
19 ಆಗಸ್ಟ್ 2024

ಅಮ್ಮಿಣಿ,

ನಿನ್ನ ಗೆಲುವಿನ ಸುದ್ದಿ ಓದಿ ಲೇತ್ ನಿಲ್ಲಿಸಿ ಹೊರಗೆ ಬಂದು ನಿಂತೆ. ಪಕ್ಕದ ಚಹದಂಗಡಿಯ ನಂಜಪ್ಪನ್ ಏನಾಯಿತೆಂದು ಕೇಳಿದ. ಹೇಳಿದೆ. "ಹೆಣ್ಣುಮಗು ಓಡಿಸೋದು ಸರಿ, ನಾಳೆ ನಿಂಗೆ ಸಾಂಬಾರು ಯಾರು ಮಾಡೋದು?" ಎಂದ. ಇಂಥವರ ನಡುವೆ ನಾನು ಅಂಗಡಿ ಇಟ್ಟಿದ್ದೇನೆ.

ಕಾಂಗೇಯಂಗೆ ಬರಲಾಗಲಿಲ್ಲ. ಆ ಭಾನುವಾರ ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗವನ್ನು ಯಾರೋ ಬೇಲಿ ಹಾಕಿ ನುಂಗುತ್ತಿದ್ದರು. ನಾಲ್ಕು ಜನ ಸೇರಿ ತಡೆದೆವು. ಇಬ್ಬರು ಮಧ್ಯಾಹ್ನ ಊಟಕ್ಕೆ ಹೋಗಿ ಮರಳಲಿಲ್ಲ. ಕೊನೆಗೆ ನಾನೂ ಒಂದು ಹಳೆಯ ನಕ್ಷೆಯೂ ಉಳಿದೆವು.

ಪೊಳ್ಳಾಚಿಯಲ್ಲಿ ತೇವ ಹೆಚ್ಚು. ಕಾರ್ಬುರೇಟರಿನ ಜೆಟ್ ಒಂದು ಅಂಕಿ ಚಿಕ್ಕದು ಹಾಕು. ಹಿಂದಿನ ಚಕ್ರದ ಗಾಳಿ ಸ್ವಲ್ಪ ಇಳಿಸು. ತಿರುವಿನಲ್ಲಿ ನೀನು ಎಡಮೊಣಕಾಲು ಬೇಗ ತೆಗೆಯುತ್ತೀಯೆ ಎಂದು ಕೇಳಿದೆ, ತಾಳ್ಮೆ ಇರಲಿ. ಸರಪಳಿಗೆ ಎಣ್ಣೆ ಹಾಕಿದ ಮೇಲೆ ಒರೆಸುವುದನ್ನು ಮರೆಯಬೇಡ.

ಇಲ್ಲಿ ಮನೆಗೆ ಸುಣ್ಣ ಹೊಡೆಸಿದೆ. ಬಹಳ ವರ್ಷದಿಂದ ಆಗಿರಲಿಲ್ಲ. ಮುಂದಿನ ಕೋಣೆಯ ಗೋಡೆಯಲ್ಲಿ ಒಂದು ಗೂಡು ಬಿಡಿಸಿದ್ದೇನೆ, ಹೆಲ್ಮೆಟ್ ಇಡುವಷ್ಟು ಎತ್ತರ. ಪುಸ್ತಕಗಳನ್ನೆಲ್ಲ ಒಂದು ಬದಿಗೆ ಸರಿಸಿದಾಗ ಇಷ್ಟು ಜಾಗ ಇತ್ತೇ ಎನಿಸಿತು. ನಿನ್ನ ಅಜ್ಜಿ ಸೀರೆಗೆಂದು ಮಗ್ಗಕ್ಕೆ ಹಸಿರು ಹಾಸು ಹಾಕಿಸಿದ್ದಾಳಂತೆ, ನೂಲಿನ ಒಂದು ಲಡಿ ಇಲ್ಲಿಗೂ ಕಳಿಸಿ ಬಣ್ಣ ಹೇಗಿದೆ ಎಂದು ಕೇಳಿದಳು. ಗಂಡಸನ್ನು ಕೇಳುವ ವಿಷಯವೇ? ಚೆನ್ನಾಗಿದೆ ಎಂದೆ.

ಜೋಪಾನ.

ದೀನದಯಾಳನ್


ತಿರುಪ್ಪೂರು
15 ಅಕ್ಟೋಬರ್ 2024

ಮಾವ,

ನಾಲ್ಕು ಸುತ್ತು ಮುಗಿದಿದೆ. ಪೊಳ್ಳಾಚಿಯಲ್ಲಿ ಎರಡನೆಯವಳು, ಅವಿನಾಶಿಯಲ್ಲಿ ಮೊದಲು. ಒಟ್ಟು ಅಂಕದಲ್ಲಿ ಹರಿಹರನ್‌ಗಿಂತ ಸ್ವಲ್ಪ ಮುಂದಿದ್ದೇನೆ. ನವೆಂಬರಿನಲ್ಲಿ ಪಲ್ಲಡಂ, ಅಲ್ಲಿ ಎರಡನೆಯವಳಾದರೂ ಸಾಕು. ಕಳೆದ ವಾರ ನೀವು ಪಿಸ್ಟನ್ ರಿಂಗ್ ಬದಲಿಸಿ ಕೊಟ್ಟ ಮೇಲೆ ಎಂಜಿನ್ ಹಾಡುತ್ತಿದೆ. ಬೈಕು ಒಯ್ಯಲು ಬಂದಾಗ ನೀವು ಅಂಗಡಿಯಲ್ಲಿರಲಿಲ್ಲ. ಕೀಲಿ ನಂಜಪ್ಪನ್ ಹತ್ತಿರ ಬಿಟ್ಟಿದ್ದಿರಿ. ಮುಖಾಮುಖಿ ಹೇಳಬೇಕೆಂದಿದ್ದದ್ದನ್ನು ಬರೆಯುತ್ತೇನೆ.

ಅಂಗಡಿಯ ಹಿಂದಿನ ನಿಮ್ಮ ಮನೆಯನ್ನು ಕಿಟಕಿಯಿಂದ ನೋಡಿದೆ. ಸುಣ್ಣ, ಗೂಡು, ಬಾಗಿಲಿಗೆ ಹೊಸ ಬಣ್ಣ. ಯಾಕೆ ಮಾವ?

ನನಗೆ ಅಕ್ಷರ ಕಲಿಸಿದವರು, ಸೈಕಲ್ ಹಿಂದೆ ಓಡಿದವರು, ನನ್ನ ಮೂಗು ಒರೆಸಿದವರು ನೀವು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಪ್ರೀತಿಯನ್ನು ಮಂಟಪಕ್ಕೆ ಕರೆದೊಯ್ಯಲು ನನ್ನಿಂದಾಗದು. ಜಗಲಿಯ ಮಾತಿಗಿಂತ ಮೊದಲೇ ನೀವು ಅಜ್ಜಿಗೆ ಒಂದು ಮಾತು ಹೇಳಿದ್ದರೆ ನಾನು ಈ ಐದು ಸುತ್ತನ್ನು ಸಂತೋಷಕ್ಕಾಗಿ ಓಡಿಸಿರುತ್ತಿದ್ದೆ. ಈಗಲೂ ತಡವಾಗಿಲ್ಲ. ಗೆಲುವು ಸೋಲು ಏನೇ ಆಗಲಿ, ನನಗೆ ಈ ಮದುವೆ ಬೇಡ ಎಂದು ನೀವೇ ಹೇಳಿಬಿಡಿ. ನಾನು ಹೇಳಿದರೆ ಹಟ. ನೀವು ಹೇಳಿದರೆ ತೀರ್ಮಾನ.

ಹೇಳುತ್ತೀರಲ್ಲವೇ?

ಧರಣಿ


ತಿರುಪ್ಪೂರು
19 ನವೆಂಬರ್ 2024

ಮಾವ,

ಹಿಂದಿನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಇದಕ್ಕೆ ಬರೆಯಲೇಬೇಕು.

ಭಾನುವಾರ ಪಲ್ಲಡಂನಲ್ಲಿ ನಾನು ಮೊದಲು ಬಂದೆ. ಹೂಮಾಲೆ ಹಾಕಿದರು, ಮಾಲೆ ಕೊರಳಲ್ಲಿ ಇರುವಾಗಲೇ ಹರಿಹರನ್ ಕ್ಲಬ್ಬಿಗೆ ದೂರು ಕೊಟ್ಟ. ದೂರು ಕೊಡುವುದು ಅವನ ಹಕ್ಕು. ಸಾಮಾನ್ಯವಾಗಿ "ಎಂಜಿನ್ ಮೇಲೆ ಅನುಮಾನ" ಎಂದು ಬರೆಯುತ್ತಾರೆ. ಇವನು ಬರೆದದ್ದು ಸಿಲಿಂಡರಿನ ಬುಡದಲ್ಲಿ ಗ್ಯಾಸ್ಕೆಟ್ ಇಲ್ಲ, ನೂಲು ಇದೆ ಎಂದು.

ಎಲ್ಲರ ಮುಂದೆ ಬಿಚ್ಚಿದರು. ತಪಾಸಣೆಯ ಮಯಿಲ್‌ಸಾಮಿ ಚಿಮುಟದಲ್ಲಿ ನೂಲು ಎತ್ತಿ ಹಿಡಿದು, "ಎನ್ನಮ್ಮಾ ಇದು? ಎಂಜಿನ್ ಒಳಗೆ ಸೀರೆ ನೆಯ್ದಿದ್ದೀಯಾ?" ಎಂದರು. ಮೈದಾನವೆಲ್ಲ ನಕ್ಕಿತು. ಹಿಂದಿನಿಂದ ಒಬ್ಬ, "ಸೆರಗು ಎಲ್ಲಿ, ಸೆರಗು ತೋರ್ಸು" ಎಂದ. ಗೆಲುವು ರದ್ದಾಯಿತು, ಅಂಕ ಹೋಯಿತು, ಒಂದು ವರ್ಷ ನಿಷೇಧ. ಚೆನ್ನೈಗೆ ಹರಿಹರನ್ ಹೋಗುತ್ತಾನೆ. ಅವನು ಬಂದು, "ಕೋಪ ಮಾಡ್ಕೋಬೇಡಿ ಧರಣಿ, ಸೊಲ್ಲಿದ್ರು, ನಾನು ಬರೆದೆ" ಎಂದ. ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಆ ನೂಲಿನ ವಿಷಯ ನಾನು ಬರೆದದ್ದು ಒಬ್ಬರಿಗೆ, ನಮ್ಮ ಮನೆಯಲ್ಲಿ ಬೇರೆ ಯಾರೂ ಓದಲಾರದ ಅಕ್ಷರದಲ್ಲಿ.

ಇನ್ನೊಂದು. ನಾನು ಆಗಸ್ಟಿನಲ್ಲಿ ಇಟ್ಟದ್ದು ಹಳದಿ ನೂಲು. ಮಯಿಲ್‌ಸಾಮಿ ಎತ್ತಿ ತೋರಿಸಿದ್ದು ಹಸಿರು. ಎಣ್ಣೆಯಲ್ಲಿ ಕಪ್ಪಾಗಿದ್ದರೂ ಹಸಿರೇ. ರಿಂಗ್ ಬದಲಿಸಲು ಸಿಲಿಂಡರ್ ಎತ್ತಲೇಬೇಕು. ಎತ್ತಿದವರು ಹಳೆಯ ನೂಲು ತೆಗೆದು ಕಾಗದದ ಗ್ಯಾಸ್ಕೆಟ್ ಹಾಕಬಹುದಿತ್ತು. ನಿಮ್ಮ ಅಂಗಡಿಯ ಗೋಡೆಯಲ್ಲಿ ಅಂಥದೊಂದನ್ನು ಮೊಳೆಗೆ ನೇತುಹಾಕಿದ್ದು ಕೀಲಿ ತೆಗೆದುಕೊಂಡ ದಿನವೇ ಕಂಡಿದ್ದೆ. ಅದನ್ನು ಬಿಟ್ಟು ಅಜ್ಜಿ ಕಳಿಸಿದ ಲಡಿಯಿಂದ ನೂಲು ಎಳೆದಿರಿ.

ನಿಮ್ಮ ಆಗಸ್ಟಿನ ಕಾಗದ ಮತ್ತೆ ಓದಿದೆ. ಜೆಟ್, ಗಾಳಿ, ಮೊಣಕಾಲು, ಸರಪಳಿ. ನಾನು ಕೇಳದ್ದಕ್ಕೆಲ್ಲ ಉತ್ತರವಿದೆ. ಕೇಳಿದ ಒಂದಕ್ಕೆ ಇಲ್ಲ.

ನೀವೇನಾ?

ಧರಣಿ


ಸಿಂಗಾನಲ್ಲೂರು
30 ನವೆಂಬರ್ 2024

ಧರಣಿ,

ನಾನೇ.

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳುವುದಿಲ್ಲ, ಜೀವನದಲ್ಲಿ ಹೇಳಿಲ್ಲ. ಹರಿಹರನ್ ರಿಂಗ್ ಹಾಕಿಸಲು ನನ್ನ ಅಂಗಡಿಗೇ ಬರುತ್ತಾನೆ. ಅವನು ಕೇಳಿದ, "ಆ ಹುಡುಗಿಯ ಎಂಜಿನ್ ಎಲ್ಲಾ ಸರಿಯಾಗಿದೆಯಾ ಅಣ್ಣಾ?" ನಾನು ಇದ್ದದ್ದನ್ನು ಹೇಳಿದೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ನಿಯಮ ಹೇಳಿಕೊಂಡು ಬಂದವನು ಸ್ವಂತ ಮನೆಯವಳಿಗೆ ಕಣ್ಣು ಮುಚ್ಚಿದರೆ, ಎಳನೀರು ಕುಡಿದವರಿಗೂ ನನಗೂ ಏನು ವ್ಯತ್ಯಾಸ? ನೂಲು ನಿಯಮಕ್ಕೆ ವಿರುದ್ಧ. ಅದನ್ನು ಮೊದಲು ಇಟ್ಟವಳು ನೀನು.

ಮತ್ತೆ ಹೊಸದಾಗಿ ಇಟ್ಟದ್ದು ಯಾಕೆಂದು ಕೇಳುತ್ತೀಯೆ. ಕಾಗದದ್ದನ್ನು ಮೊಳೆಯಿಂದ ಕೈಗೆ ತೆಗೆದುಕೊಂಡಿದ್ದೆ. ಹಾಕಿದ್ದರೆ ನೀನು ಪಲ್ಲಡಂನಲ್ಲಿ ನ್ಯಾಯವಾಗಿಯೇ ಗೆಲ್ಲುತ್ತಿದ್ದೆ. ಅದನ್ನು ಅಲ್ಲೇ ನಿಂತು ಯೋಚಿಸಿದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನನಗೆ ಮೂವತ್ತೆಂಟು. ಅಜ್ಜಿ ನಿನ್ನನ್ನು ತೊಟ್ಟಿಲಲ್ಲಿ ತೋರಿಸಿ, ಇಗೋ ನಿನ್ನವಳು ಎಂದಾಗ ನನಗೆ ಹದಿನಾಲ್ಕು. ಅವತ್ತಿನಿಂದ ಬಂದ ಸಂಬಂಧಗಳನ್ನೆಲ್ಲ ಅವಳೇ ತಿರುಗಿಸಿ ಕಳಿಸಿದಳು. ಕಾಯಿಸಿದವರು ಅವರು, ಕಾದವನು ನಾನು. ಇದು ನ್ಯಾಯವೇ ಎಂದು ಯಾವ ಪತ್ರಿಕೆಗೆ ಬರೆಯಲಿ?

ನಿಷೇಧದ ವಿಷಯದಲ್ಲಿ ಮೇಲ್ಮನವಿ ಕೊಡು. ನಿನಗೆ ನಿಯಮ ತಿಳಿದಿರಲಿಲ್ಲ ಎಂದು ನಾನು ಸಾಕ್ಷಿ ಹೇಳುತ್ತೇನೆ, ಆರು ತಿಂಗಳಿಗೆ ಇಳಿಯಬಹುದು. ಮದುವೆಯ ನಂತರವೂ ನೀನು ಓಡಿಸಬಹುದು, ನಾನು ತಡೆಯುವವನಲ್ಲ. ತೈ ತಿಂಗಳಿಗೆ ಮಂಟಪ ಗೊತ್ತಾಗಿದೆ.

ದೀನದಯಾಳನ್


ಅವಿನಾಶಿ
22 ಡಿಸೆಂಬರ್ 2024

ಮಾವ,

ಊರಿನ ಹೆಸರು ನೋಡಿದಿರಲ್ಲ. ನಾನು ಕೆಲಸ ಮಾಡುವ ಬನಿಯನ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ನಡೆಸುವ ಅಭಿನಯಾ ಜೊತೆ ಇಲ್ಲಿ ಒಂದು ಕೋಣೆಯಲ್ಲಿದ್ದೇನೆ. ಬೈಕು ನನ್ನ ಹೆಸರಿನಲ್ಲಿದೆ, ನನ್ನ ಜೊತೆ ಬಂದಿದೆ. ಮಂಟಪ ಗೊತ್ತು ಮಾಡಿದವರೇ ರದ್ದು ಮಾಡಲಿ. ಮೇಲ್ಮನವಿ ಕೊಡುವುದಿಲ್ಲ. ಸಂಶಯವಿದ್ದೂ ಓಡಿಸಿದವಳು ನಾನು, ಒಂದು ವರ್ಷ ಕೂರುತ್ತೇನೆ. ನಿಮ್ಮ ಸಾಕ್ಷಿಯಿಂದ ಸಿಗುವ ಆರು ತಿಂಗಳು ನನಗೆ ಬೇಡ.

ಹೊರಡುವ ಮುಂಚೆ ನಿಮ್ಮ ಕಾಗದವನ್ನು ಮನೆಯವರಿಗೆ ಓದಿ ಹೇಳಿದೆ. ಓದಲು ಬಾರದವರಿಗೆ ಒಂದು ಅಕ್ಷರವೂ ಬಿಡದೆ ಓದಿದೆ. ಕೂಗಾಟ ಆಗುತ್ತದೆ, ಅಜ್ಜಿ ನಿಮ್ಮನ್ನು ಕರೆಸಿ ಬೈಯುತ್ತಾಳೆ, ಅಮ್ಮ ಅಳುತ್ತಾಳೆ ಎಂದುಕೊಂಡಿದ್ದೆ.

ಅಜ್ಜಿ ಕೆನ್ನೆಗೆ ಕೈ ಇಟ್ಟುಕೊಂಡು ಅಮ್ಮನ ಕಡೆ ತಿರುಗಿದಳು. "ಪಾರು ಜಾನಮ್ಮ, ಪಾರು! ಎಷ್ಟು ಆಸೆ ನನ್ ಮಗನ್ಗೆ! ಬಾಯಿ ಬಿಟ್ಟು ಒಂದಿನ ಹೇಳ್ಲಿಲ್ವೇ, ಪಾವಂ" ಎಂದು ಕಣ್ಣು ಒರೆಸಿಕೊಂಡಳು. ಅಮ್ಮ ನಿಜವಾಗಿಯೂ ಅತ್ತಳು, ಆದರೆ ನನಗಾಗಿ ಅಲ್ಲ. "ನಿಮ್ಮಪ್ಪ ನನಗೋಸ್ಕರ ಒಂದು ಸೈಕಲ್ ಪಂಚರ್ ಕೂಡ ಮಾಡಿದ್ದಿಲ್ಲ ಕಣ್ಣು. ನಿಂಗೆ ಇಂಥ ಗಂಡು ಕಸಕ್ಕುತ್ತಾ?" ಎಂದಳು. ಕಹಿಯೇ ಅಮ್ಮ ಎಂದೆ. ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಎದುರು ಮನೆಯ ಮುತ್ತಮ್ಮಾಳ್ ಬಂದು ನನ್ನ ದೃಷ್ಟಿ ತೆಗೆದಳು. ನನ್ನ ರೇಸ್ ಕದ್ದದ್ದು ನಮ್ಮ ಬೀದಿಯಲ್ಲಿ ಈಗ ಒಂದು ಪ್ರೇಮಕಥೆ.

ಅಪ್ಪ ಜಗಲಿಯಲ್ಲಿ ನೂಲು ಸುತ್ತುತ್ತಿದ್ದರು. ಅವರ ಹತ್ತಿರ ಹೋಗಿ ಕೂತು ಕೇಳಿದೆ, "ನಾನು ಗೆದ್ದಿದ್ರೆ ನಿಜವಾಗ್ಲೂ ಕಳಿಸ್ತಿದ್ರಾಪ್ಪಾ?"

ಅಪ್ಪ ನೂಲು ಕೆಳಗಿಟ್ಟರು. ಆಮೇಲೆ, "ನೀ ಗೆಲ್ತೀಯ ಅಂತ ಯಾರಮ್ಮ ನೆನಚಿದ್ರು?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ಅದು ನಿಜವಾಗಿಯೂ ಆಶ್ಚರ್ಯ.

ಅವತ್ತೇ ಚೀಲ ಕಟ್ಟಿದೆ.

ನಿಯಮಕ್ಕಾಗಿ ಮಾಡಿದೆ ಎಂದು ನೀವು ಬರೆದಿದ್ದೀರಿ. ಆಸೆಗಾಗಿ ಮಾಡಿದ ಎಂದು ಅಜ್ಜಿ ಹೇಳುತ್ತಾಳೆ. ಎರಡನ್ನೂ ನೀವೇ ಇಟ್ಟುಕೊಳ್ಳಿ. ನಿಮ್ಮನ್ನು ಹದಿನಾಲ್ಕರಿಂದ ಕಾಯಿಸಿದ್ದು ಅನ್ಯಾಯ, ಒಪ್ಪುತ್ತೇನೆ. ಅದರ ದೂರನ್ನು ನೀವು ಕೊಡಬೇಕಾದದ್ದು ನಿಮ್ಮ ತಾಯಿಯ ಮೇಲೆ. ಕೊಟ್ಟದ್ದು ನನ್ನ ಮೇಲೆ.

ನನ್ನನ್ನು ಬಿಡದೆ ಕಾಡುವುದು ಬೇರೆ. ಜಗಲಿಯ ಆ ಮಾತನ್ನು ಅವರೆಲ್ಲ ಅಷ್ಟು ಸುಲಭವಾಗಿ ಕೊಟ್ಟದ್ದು, ನಾನು ಅದನ್ನು ಕೇಳಿ ಪಡೆಯುವ ದಿನ ಬರುವುದೇ ಇಲ್ಲವೆಂದು. ಅದಕ್ಕೇ ನಕ್ಕು ಅರಿಶಿನ ಹಚ್ಚಿದರು. ಅದಕ್ಕೇ ಯಾರೂ ನನ್ನ ಬೈಕಿಗೆ ಕೈ ಹಾಕಲಿಲ್ಲ. ಕೈ ಹಾಕುವ ಅಗತ್ಯ ಕಂಡವರು ನೀವು. ಇಡೀ ಮನೆಯಲ್ಲಿ ನಾನು ಗೆಲ್ಲುತ್ತೇನೆಂದು ನಂಬಿದ್ದವರು ನೀವೊಬ್ಬರೇ, ಮಾವ.

ಧರಣಿ